ಗೊರಸು ಹೇಳುವ ಮೇವಿನ ಲೆಕ್ಕ

ಕಾರಹುಣ್ಣಿಮೆಯ ಬೆಳಗಿನಲ್ಲಿ ನಮ್ಮ ಹಳ್ಳಿಗಳ ಎತ್ತುಗಳು ಹಳ್ಳಕ್ಕೋ ಕೆರೆಗೋ ಇಳಿದು ಮೈ ತೊಳೆಸಿಕೊಳ್ಳುತ್ತವೆ. ಕೊಂಬಿಗೆ ಬಣ್ಣ ಏರುತ್ತದೆ, ಕೊರಳಿಗೆ ಗೆಜ್ಜೆಸರ ಬೀಳುತ್ತದೆ. ಇದಕ್ಕೂ ಮೊದಲು ಮನೆಯ ಹಿರಿಯರು ಒಂದು ಕೆಲಸವನ್ನು ತಪ್ಪದೆ ಮಾಡುತ್ತಿದ್ದರು. ಎತ್ತಿನ ಒಂದೊಂದೇ ಕಾಲನ್ನು ಎತ್ತಿ ಹಿಡಿದು, ಗೊರಸಿನ ಸಂದಿಯಲ್ಲಿ ಬೆರಳಾಡಿಸಿ, ಸಿಕ್ಕಿಕೊಂಡ ಹರಳನ್ನೋ ಮುಳ್ಳನ್ನೋ ತೆಗೆದು, ಅಂಚಿಗೆ ಎಣ್ಣೆ ಸವರುತ್ತಿದ್ದರು. ಲಾಳ ಸವೆದಿದ್ದರೆ ಹೊಸದನ್ನು ಕಟ್ಟಿಸುತ್ತಿದ್ದರು. ಮುಂಗಾರಿನ ಬಿತ್ತನೆಗೆ ಹೊರಡುವ ಎತ್ತು ಕುಂಟಿದರೆ ಆ ವರ್ಷದ ಅನ್ನಕ್ಕೇ ಕುತ್ತು ಎಂಬುದನ್ನು ಅವರು ಬಲ್ಲವರಾಗಿದ್ದರು.

ಇಂದು ಬಹಳಷ್ಟು ಕೊಟ್ಟಿಗೆಗಳಲ್ಲಿ ಎತ್ತಿನ ಜಾಗದಲ್ಲಿ ಮಿಶ್ರತಳಿಯ ಹಸು ನಿಂತಿದೆ. ಮಕ್ಕಳ ಶಾಲೆಯ ಶುಲ್ಕ, ಹಿರಿಯರ ಔಷಧಿ, ದಿನಸಿ ಅಂಗಡಿಯ ಬಾಕಿ, ಎಲ್ಲವೂ ಡೇರಿಗೆ ಹಾಕುವ ಅದರ ಹಾಲಿನಿಂದಲೇ ತೀರಬೇಕು. ಅದರ ಕೆಚ್ಚಲನ್ನು ನಾವು ದಿನಕ್ಕೆರಡು ಬಾರಿ ಮುಟ್ಟಿ ನೋಡುತ್ತೇವೆ. ಗೊರಸನ್ನು ಮಾತ್ರ ವರ್ಷಕ್ಕೊಮ್ಮೆಯೂ ಎತ್ತಿ ನೋಡುವುದಿಲ್ಲ.

ಜಾತ್ರಾ ಮಹೋತ್ಸವ ಮುಗಿದ ಮೇಲಿನ ವಾರಗಳಲ್ಲಿ ಶ್ರೀಮಠದ ಗೋಶಾಲೆಗೆ ಬಂದು ಸೇರುವ ಹಸುಗಳನ್ನು ಕಂಡಾಗಲೆಲ್ಲ ನಮಗೆ ಈ ಮಾತು ನೆನಪಾಗುತ್ತದೆ. ಹಸು ಕುಂಟುತ್ತಿದೆ, ಹಾಲು ಇಳಿದುಹೋಗಿದೆ, ಗಬ್ಬ ನಿಲ್ಲುತ್ತಿಲ್ಲ, ಕಟುಕರಿಗೆ ಕೊಡಲು ಮನಸ್ಸು ಒಪ್ಪುವುದಿಲ್ಲ ಎಂದು ಹೇಳಿ ಭಕ್ತರು ಹಗ್ಗವನ್ನು ನಮ್ಮ ಕೈಗೆ ಕೊಟ್ಟು ಕಣ್ಣೊರೆಸಿಕೊಂಡು ಹೋಗುತ್ತಾರೆ. ಅವರ ಭಕ್ತಿಯ ಬಗ್ಗೆ ನಮಗೆ ಸಂದೇಹವಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಎರಡನೆಯ ಅಥವಾ ಮೂರನೆಯ ಸೂಲಿನ ಹಸುಗಳು, ಇನ್ನೂ ನಾಲ್ಕಾರು ಕರುಗಳಿಗೆ ತಾಯಿಯಾಗಬಹುದಾದವು. ಅವುಗಳ ಗೊರಸನ್ನು ಎತ್ತಿ ನೋಡಿದರೆ ತೊಂದರೆ ಶುರುವಾದದ್ದು ನಿನ್ನೆ ಮೊನ್ನೆಯಲ್ಲ, ನಾಲ್ಕೈದು ತಿಂಗಳ ಹಿಂದೆ ಎಂಬುದು ಕಾಣುತ್ತದೆ. ಕಾಲಿನಲ್ಲಿ ಕಂಡ ಕುಂಟು ಗೋದಲಿಯಲ್ಲಿ ಹುಟ್ಟಿರುತ್ತದೆ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ಗೊರಸೆಂಬ ಪಂಚಾಂಗ

ಹಸುವಿನ ಗೊರಸು ನಮ್ಮ ಉಗುರಿನಂತೆ ಬೆಳೆಯುವ ವಸ್ತು. ಕೂದಲು ಮುಗಿದು ಗೊರಸು ಆರಂಭವಾಗುವ ಅಂಚಿನಲ್ಲಿ ಅದು ಹುಟ್ಟಿ, ತಿಂಗಳಿಗೆ ಸುಮಾರು 5 ಮಿಲಿಮೀಟರ್‌ನಂತೆ ಕೆಳಗಿಳಿಯುತ್ತದೆ. ಮುಂಭಾಗದ ಗೋಡೆಯ ಉದ್ದ ಸಾಮಾನ್ಯವಾಗಿ ಏಳೂವರೆ ಸೆಂಟಿಮೀಟರ್. ಅಂದರೆ ಇಂದು ನೆಲಕ್ಕೆ ತಾಗುತ್ತಿರುವ ತುದಿ ಹುಟ್ಟಿದ್ದು ಒಂದೂಕಾಲು ವರ್ಷದ ಹಿಂದೆ. ಹಸು ಕಾಯಿಲೆ ಬಿದ್ದಾಗ, ಮೇವು ಕೆಟ್ಟಾಗ, ಕರು ಹಾಕಿದ ಹೊತ್ತಿನಲ್ಲಿ ಮೈ ಇಳಿದಾಗ ಗೊರಸಿನ ಬೆಳವಣಿಗೆ ಒಂದಿಷ್ಟು ನಿಂತು ಅಡ್ಡಲಾಗಿ ಒಂದು ತಗ್ಗು ಗೆರೆ ಮೂಡುತ್ತದೆ. ಆ ಗೆರೆ ಕೂದಲಂಚಿನಿಂದ ಎರಡೂವರೆ ಸೆಂಟಿಮೀಟರ್ ಕೆಳಗಿದ್ದರೆ ಕೇಡು ಸಂಭವಿಸಿದ್ದು ಐದು ತಿಂಗಳ ಹಿಂದೆ. ಮನೆಯವರನ್ನು ಕೇಳಿದರೆ ಬಹುಮಟ್ಟಿಗೆ ಅದು ಹಸು ಕರು ಹಾಕಿದ ತಿಂಗಳೇ ಆಗಿರುತ್ತದೆ.

ಅಂಗಾಲಿನ ಮಾತೂ ಇಂಥದೇ. ಅಲ್ಲಿಯ ಗಟ್ಟಿ ಪದರಿನ ದಪ್ಪ ಒಂದು ಸೆಂಟಿಮೀಟರಿಗಿಂತ ಕಡಿಮೆ. ಒಳಗಿನ ಜೀವಂತ ಪದರಿಗೆ ಪೆಟ್ಟಾಗಿ ರಕ್ತ ಒಸರಿದರೆ ಆ ಕೆಂಪು ಕಲೆ ಹೊರಮೈಗೆ ಬಂದು ಕಾಣಿಸಲು ಎರಡು ಮೂರು ತಿಂಗಳು ಬೇಕು. ಹೀಗಾಗಿ ಹಸು ಕುಂಟಲು ತೊಡಗಿದ ದಿನ ನಾವು ನೆಲದಲ್ಲಿ ಕಲ್ಲು ಹುಡುಕುತ್ತೇವೆ. ಕಾರಣವಾದ ಮೇವು ಎಂದೋ ಸಗಣಿಯಾಗಿ ತಿಪ್ಪೆ ಸೇರಿರುತ್ತದೆ.

ಇಲ್ಲಿ ಒಂದು ಮಾತನ್ನು ಪ್ರಾಸಂಗಿಕವಾಗಿ ಹೇಳುತ್ತೇವೆ. ಕಲ್ಯಾಣದ ಶರಣರಲ್ಲಿ ತುರುಗಾಹಿ ರಾಮಣ್ಣನವರ ಕಾಯಕ ದನ ಕಾಯುವುದಾಗಿತ್ತು. ದನದ ಹಿಂದೆ ದಿನವಿಡೀ ನಡೆಯುವವನಿಗೆ ಯಾವ ದನ ಹೇಗೆ ಹೆಜ್ಜೆ ಇಡುತ್ತಿದೆ ಎಂಬುದು ತಾನಾಗಿಯೇ ತಿಳಿಯುತ್ತದೆ. ಗೂಟಕ್ಕೆ ಕಟ್ಟಿದ ಇಂದಿನ ಹಸು ನಡೆಯುವುದೇ ಇಲ್ಲ, ಆದ್ದರಿಂದ ಅದರ ಕುಂಟು ಯಾರ ಕಣ್ಣಿಗೂ ಬೀಳುವುದಿಲ್ಲ. ವಾರಕ್ಕೊಮ್ಮೆಯಾದರೂ ಹಗ್ಗ ಬಿಚ್ಚಿ ಗಟ್ಟಿ ನೆಲದ ಮೇಲೆ ಇಪ್ಪತ್ತು ಹೆಜ್ಜೆ ನಡೆಸಿ, ಪಕ್ಕದಲ್ಲಿ ನಿಂತು ನೋಡಬೇಕು. ನಿಂತಾಗ ನೇರವಾಗಿದ್ದ ಬೆನ್ನು ನಡೆಯುವಾಗ ಬಿಲ್ಲಿನಂತೆ ಬಾಗಿದರೆ ನೋವು ಆರಂಭವಾಗಿದೆ ಎಂದು ತಿಳಿಯಬೇಕು. ಹೆಜ್ಜೆಗೊಮ್ಮೆ ತಲೆ ಮೇಲೆ ಕೆಳಗೆ ಆಡಿದರೆ ನೋವು ಬಲಿತಿದೆ. ಬಹುಪಾಲು ಹಸುಗಳಲ್ಲಿ ತೊಂದರೆ ಇರುವುದು ಹಿಂಗಾಲಿನ ಹೊರಗಡೆಯ ಗೊರಸಿನಲ್ಲಿ. ಮೊದಲು ಅಲ್ಲಿಯೇ ನೋಡಬೇಕು.

ಸತು, ತಾಮ್ರ ಮತ್ತು ಬಯೋಟಿನ್

ಗೊರಸು, ಕೊಂಬು, ಕೂದಲು ಇವೆಲ್ಲ ಕೆರಟಿನ್ ಎಂಬ ಗಟ್ಟಿ ಸಸಾರಜನಕದಿಂದ ಆದವು. ಅದನ್ನು ಕಟ್ಟುವ ಕೆಲಸದಲ್ಲಿ ಸತುವಿನದು ಮೇಸ್ತ್ರಿಯ ಸ್ಥಾನ. ಹೊಸ ಜೀವಕೋಶಗಳು ಹುಟ್ಟಿ, ಬಲಿತು, ಗಟ್ಟಿಯಾಗುವ ಪ್ರತಿ ಹಂತದಲ್ಲಿಯೂ ಸತು ಬೇಕು. ಅದು ಸಾಲದಾದರೆ ಗೊರಸು ಬೆಳೆಯುತ್ತದೆ, ಆದರೆ ಮೆತ್ತಗಿರುತ್ತದೆ. ಗಾಯಗಳು ಬೇಗ ಮಾಯುವುದಿಲ್ಲ, ಕಾಲಿನ ಚರ್ಮ ಹುರುಪೆಗಟ್ಟುತ್ತದೆ. ತಾಮ್ರದ ಕೆಲಸ ಬೇರೆ. ಕೆರಟಿನ್ನಿನ ಎಳೆಗಳನ್ನು ಒಂದಕ್ಕೊಂದು ಬಿಗಿಯುವ ಗಂಧಕದ ಕೊಂಡಿಗಳು ಕೂಡಿಕೊಳ್ಳಲು ತಾಮ್ರವನ್ನು ಅವಲಂಬಿಸಿದ ಕಿಣ್ವವೊಂದು ಬೇಕು. ತಾಮ್ರ ಕಡಿಮೆಯಾದ ಹಸುವಿನ ಗೊರಸು ಬಿರಿಯುತ್ತದೆ, ಹಿಮ್ಮಡಿ ಸೀಳುತ್ತದೆ. ಕಪ್ಪು ಹಸುವಿನ ಕೂದಲು ಕೆಂಚಾಗಿ, ಕಣ್ಣಿನ ಸುತ್ತ ಕನ್ನಡಕ ಹಾಕಿದಂತೆ ಬಿಳಿಚಿಕೊಂಡರೆ ತಾಮ್ರದ ಕೊರತೆಯನ್ನು ಶಂಕಿಸಬೇಕು. ಮ್ಯಾಂಗನೀಸ್ ಕೀಲು ಮತ್ತು ಮೃದ್ವಸ್ಥಿಗೆ ಬೇಕಾದುದು. ಗಬ್ಬದ ಕಾಲದಲ್ಲಿ ಅದು ಸಾಲದಿದ್ದರೆ ಕರು ಕಾಲು ಸೊಟ್ಟಗಾಗಿ ಹುಟ್ಟುವುದುಂಟು.

ಬಯೋಟಿನ್ ಬಿ ಗುಂಪಿಗೆ ಸೇರಿದ ಜೀವಸತ್ವ. ಆರೋಗ್ಯವಂತ ಹಸುವಿನ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳೇ ಅದನ್ನು ತಯಾರಿಸಿಕೊಡುತ್ತವೆ. ಗೊರಸಿನ ಜೀವಕೋಶಗಳನ್ನು ಇಟ್ಟಿಗೆಯೆಂದರೆ ಅವುಗಳ ನಡುವೆ ಗಾರೆಯಂತೆ ಕೂಡುವ ಕೊಬ್ಬಿನ ಪದರಕ್ಕೆ ಬಯೋಟಿನ್ ಅವಶ್ಯ. ಹೆಚ್ಚು ಹಾಲು ಕೊಡುವ ಹಸುವಿಗೆ, ಹೊಟ್ಟೆ ಪದೇ ಪದೇ ಹುಳಿಯಾಗುವ ಹಸುವಿಗೆ, ಒಳಗೆ ತಯಾರಾದದ್ದು ಸಾಲದೆ ಹೋಗುತ್ತದೆ. ದಿನಕ್ಕೆ 20 ಮಿಲಿಗ್ರಾಂ ಬಯೋಟಿನ್ ಕೊಟ್ಟಾಗ ಅಂಗಾಲು ಮತ್ತು ಗೋಡೆ ಕೂಡುವ ಬಿಳಿಗೆರೆಯ ಬಿರುಕುಗಳು ಕಡಿಮೆಯಾಗುವುದನ್ನು ಹಲವು ದೇಶಗಳ ಹೈನುಹಸುಗಳಲ್ಲಿ ಕಂಡುಕೊಂಡಿದ್ದಾರೆ. ಆದರೆ ಆರು ತಿಂಗಳು ಬಿಡದೆ ಕೊಡಬೇಕು. ಹೊಸ ಗೊರಸು ಇಳಿದು ಬರಲು ಅಷ್ಟು ಕಾಲ ಬೇಕೇ ಬೇಕು. ಎಂಟು ದಿನ ಪುಡಿ ಹಾಕಿ ಗುಣ ಕಾಣಲಿಲ್ಲವೆಂದು ಡಬ್ಬಿಯನ್ನು ಅಟ್ಟಕ್ಕೆ ಸೇರಿಸುವವರನ್ನು ನಾವು ಕಂಡಿದ್ದೇವೆ. ಅವರು ತಿಂಗಳಿಗೆ 5 ಮಿಲಿಮೀಟರ್ ಎಂಬ ಲೆಕ್ಕವನ್ನು ಮರೆತವರು.

ಈ ಖನಿಜಗಳು ನಮ್ಮ ಮೇವಿನಲ್ಲಿ ಏಕೆ ಕಡಿಮೆ? ಸುಣ್ಣದಂಶ ಹೆಚ್ಚಿರುವ ಎರೆಮಣ್ಣಿನಲ್ಲಿ ಸತು ಇದ್ದರೂ ಬೇರಿಗೆ ದಕ್ಕುವುದು ಸ್ವಲ್ಪ. ಮಣ್ಣಿನಲ್ಲಿ ಇಲ್ಲದ್ದು ಜೋಳದ ಕಣಿಕೆಯಲ್ಲಿ ಬರಲಾರದು. ಭತ್ತದ ಹುಲ್ಲಿನಲ್ಲಿ ರಂಜಕ, ಸತು, ತಾಮ್ರ ಮೂರೂ ಕಡಿಮೆ. ಅದರಲ್ಲಿರುವ ಆಕ್ಸಲೇಟ್ ಇದ್ದ ಸುಣ್ಣದಂಶವನ್ನೂ ಹಿಡಿದುಕೊಂಡು ಸಗಣಿಯಲ್ಲಿ ಹೊರಗೆ ಹಾಕುತ್ತದೆ. ಹೈಬ್ರಿಡ್ ನೇಪಿಯರ್ ಹುಲ್ಲಿನಲ್ಲಿಯೂ, ಮುಖ್ಯವಾಗಿ ಎಳೆಯದರಲ್ಲಿ, ಈ ಆಕ್ಸಲೇಟ್ ಹೆಚ್ಚು. ರಾಗಿ ಹುಲ್ಲು ಸುಣ್ಣದಂಶದಲ್ಲಿ ಇವೆಲ್ಲಕ್ಕಿಂತ ಮೇಲು. ಶೇಂಗಾ ಬಳ್ಳಿ, ತೊಗರಿ ಹೊಟ್ಟು, ಅಲಸಂದೆ, ಕುದುರೆಮೆಂತೆ ಮುಂತಾದ ದ್ವಿದಳದ ಮೇವು ಸುಣ್ಣದಂಶಕ್ಕೆ ಒಳ್ಳೆಯದು. ಗೋಧಿ ಬೂಸಾ ಮತ್ತು ಅಕ್ಕಿ ತೌಡು ರಂಜಕಕ್ಕೆ ಒಳ್ಳೆಯದು. ಒಂದೇ ಬಗೆಯ ಒಣಮೇವನ್ನು ಬೇಸಿಗೆಯಿಡೀ ಹಾಕುವ ಮನೆಯಲ್ಲಿ ಕೊರತೆ ಖಂಡಿತ. ಮಳೆಗಾಲ ಕಳೆದು ಹಸಿರು ಮುಗಿದ ಮೇಲೆ ಎ ಜೀವಸತ್ವವೂ ಇಳಿಯುತ್ತದೆ. ಯಕೃತ್ತಿನಲ್ಲಿ ಕೂಡಿಟ್ಟದ್ದು ಕೆಲವು ತಿಂಗಳು ಮಾತ್ರ ಬಾಳುತ್ತದೆ. ಗೊರಸಿನ ಸಂದಿಯ ಚರ್ಮ ಒಣಗಿ ಸೀಳುವುದಕ್ಕೆ, ಅಲ್ಲಿ ಕೊಳೆ ಸೇರುವುದಕ್ಕೆ ಇದೂ ದಾರಿಯಾಗುತ್ತದೆ. ದಿನಕ್ಕೆ ಐದಾರು ಕಿಲೋ ಹಸಿರು ಮೇವು ಸಿಕ್ಕರೂ ಆ ಚಿಂತೆ ಇರುವುದಿಲ್ಲ. ಹಿತ್ತಲಿನ ಅಗಸೆ, ನುಗ್ಗೆಯ ಸೊಪ್ಪೂ ಆಗಬಹುದು.

ಹಬ್ಬದ ಅನ್ನ

ಇನ್ನು ನಾವು ಹೇಳುವ ಮಾತು ಕೆಲವು ಭಕ್ತರಿಗೆ ಹಿತವಾಗಲಿಕ್ಕಿಲ್ಲ. ಆದರೂ ಹೇಳದಿರಲಾಗದು. ಮದುವೆಯ ಮರುದಿನ, ಜಾತ್ರೆಯ ಮರುದಿನ, ಮನೆಯಲ್ಲಿ ಹಬ್ಬವಾದ ದಿನ ಉಳಿದ ಅನ್ನ, ಹುಗ್ಗಿ, ಹೋಳಿಗೆ, ಪಾಯಸಗಳನ್ನು ಬಾನಿಗೆ ಸುರಿದು ಹಸುವಿನ ಮುಂದೆ ಇಡುವುದು ನಮ್ಮಲ್ಲಿ ವಾಡಿಕೆ. ಅನ್ನ ಚೆಲ್ಲಬಾರದು, ಹಸುವಿಗಿಟ್ಟರೆ ಪುಣ್ಯ ಎಂಬ ಸದ್ಭಾವನೆ ಅದರ ಹಿಂದಿದೆ. ಹಸುವಿನ ಹೊಟ್ಟೆಗೆ ಮಾತ್ರ ಅದು ವಿಷಕ್ಕೆ ಸಮ.

ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆ ನಾರನ್ನು ನಿಧಾನವಾಗಿ ಹುದುಗಿಸಲೆಂದು ಇರುವುದು. ಬೆಂದ ಅನ್ನ, ಬೆಲ್ಲ, ಹಿಟ್ಟುಗಳು ಅಲ್ಲಿ ಕ್ಷಣಮಾತ್ರದಲ್ಲಿ ಹುಳಿಯುತ್ತವೆ. ಲ್ಯಾಕ್ಟಿಕ್ ಆಮ್ಲ ತುಂಬಿಕೊಂಡು ಒಳ್ಳೆಯ ಸೂಕ್ಷ್ಮಜೀವಿಗಳು ಸಾಯುತ್ತವೆ. ಸತ್ತವುಗಳಿಂದ ಬಿಡುಗಡೆಯಾದ ನಂಜು ರಕ್ತ ಸೇರಿ ಗೊರಸಿನೊಳಗಿನ ಸೂಕ್ಷ್ಮ ರಕ್ತನಾಳಗಳನ್ನು ಕೆಡಿಸುತ್ತದೆ. ಬೇರೆ ಅಂಗವಾದರೆ ಬಾವು ಹೊರಕ್ಕೆ ಉಬ್ಬೀತು. ಗೊರಸಿನ ಸುತ್ತ ಗಟ್ಟಿ ಗೋಡೆ ಇರುವುದರಿಂದ ಉಬ್ಬಲು ಜಾಗವಿಲ್ಲ. ಕಿರಿದಾದ ಚಪ್ಪಲಿಯೊಳಗೆ ಊದಿಕೊಂಡ ಪಾದ ಸಿಕ್ಕಿದ ಹಾಗೆ. ಗೋಡೆಗೂ ಒಳಗಿನ ಎಲುಬಿಗೂ ಇರುವ ಹಿಡಿತ ಸಡಿಲಗೊಂಡು ಎಲುಬು ಕೆಳಗಿಳಿಯುತ್ತದೆ, ಅಂಗಾಲನ್ನು ಒಳಗಿನಿಂದಲೇ ಜಜ್ಜುತ್ತದೆ. ಪಶುವೈದ್ಯರು ಇದನ್ನು ಲ್ಯಾಮಿನೈಟಿಸ್ ಎನ್ನುತ್ತಾರೆ. ಅತಿಯಾಗಿ ತಿಂದ ಹಸು ಒಂದೆರಡು ದಿನದಲ್ಲಿ ಸತ್ತೇಹೋಗಬಹುದು. ಬದುಕಿ ಉಳಿದರೆ ಎರಡು ಮೂರು ತಿಂಗಳ ಮೇಲೆ ಕುಂಟುತ್ತದೆ, ಆಗ ಹಬ್ಬದ ನೆನಪು ಯಾರಿಗೂ ಇರುವುದಿಲ್ಲ.

ಹಬ್ಬವಿಲ್ಲದೆಯೂ ಇದು ದಿನನಿತ್ಯ ಸಣ್ಣ ಪ್ರಮಾಣದಲ್ಲಿ ನಡೆಯುತ್ತಿರುತ್ತದೆ. ಕರು ಹಾಕಿದ ಮರುದಿನದಿಂದಲೇ ಹಾಲು ಏರಲೆಂದು ಹಿಂಡಿ, ಮೆಕ್ಕೆಜೋಳದ ನುಚ್ಚುಗಳನ್ನು ಬುಟ್ಟಿಗಟ್ಟಲೆ ಸುರಿಯುವವರಿದ್ದಾರೆ. ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ ಪಶು ಆಹಾರ, ಅದರ ಮೇಲೆ ಹಸುವಿನ ಸ್ವಂತ ಪೋಷಣೆಗೆ ಒಂದೂವರೆ ಎರಡು ಕಿಲೋ, ಇದು ಸಾಮಾನ್ಯವಾದ ಲೆಕ್ಕ. ಈ ಪ್ರಮಾಣಕ್ಕೆ ಎರಡು ಮೂರು ವಾರಗಳಲ್ಲಿ ಮೆಲ್ಲಗೆ ಏರಿಸುತ್ತ ಬರಬೇಕು. ಮೊದಲು ಒಣಮೇವು, ಅನಂತರ ಹಿಂಡಿ. ಒಂದೇ ಹೊತ್ತಿಗೆ ಸುರಿಯದೆ ಮೂರು ನಾಲ್ಕು ಹೊತ್ತಿಗೆ ಹಂಚಬೇಕು. ಹೊಟ್ಟೆ ಹುಳಿಯಾದ ಹಸುವಿಗೆ ಎಷ್ಟು ಸತು, ಎಷ್ಟು ಬಯೋಟಿನ್ ಕೊಟ್ಟರೂ ಅದು ಒಡೆದ ಗಡಿಗೆಗೆ ನೀರು ಹೊಯ್ದಂತೆಯೇ. ಶ್ರೀಮಠದ ದಾಸೋಹದಲ್ಲಿ ಉಳಿದ ಅನ್ನವನ್ನು ಗೋಶಾಲೆಗೆ ಒಯ್ಯಲು ಅಪ್ಪಣೆ ಕೇಳುವ ಸ್ವಯಂಸೇವಕರಿಗೆ ನಾವು ಪ್ರತಿ ವರ್ಷ ಕೈಮುಗಿದು ಬೇಡವೆನ್ನುವುದು ಇದೇ ಕಾರಣಕ್ಕೆ. ಹಸುವಿಗೆ ಏನಾದರೂ ಅರ್ಪಿಸಲೇಬೇಕೆಂಬ ಭಕ್ತರು ಒಂದು ಸಿವುಡು ಹಸಿರು ಮೇವು ತರಲಿ.

ಎಲುಬಿನ ಕುಂಟು

ಎಲ್ಲ ಕುಂಟೂ ಗೊರಸಿನದಲ್ಲ. ಹಸು ಮಣ್ಣು ನೆಕ್ಕುತ್ತದೆ, ಗೋಡೆಯ ಸುಣ್ಣ ಕೆರೆಯುತ್ತದೆ, ಬಟ್ಟೆ ಅಗಿಯುತ್ತದೆ, ಹೊಲದಲ್ಲಿ ಬಿದ್ದ ಎಲುಬನ್ನು ಬಾಯಿಗೆ ಹಾಕಿಕೊಳ್ಳುತ್ತದೆ. ನಮ್ಮವರು ಇದನ್ನು ಚಾಳಿ ಎಂದು ಬೈಯುತ್ತಾರೆ. ಬಹುಮಟ್ಟಿಗೆ ಅದು ರಂಜಕದ ಹಸಿವು. ರಂಜಕ ದೀರ್ಘಕಾಲ ಸಾಲದೆ ಹೋದರೆ ಎಲುಬುಗಳು ಬಲ ಕಳೆದುಕೊಂಡು ಹಸು ಕಾಲುಗಳನ್ನು ಬಿಗಿಹಿಡಿದಂತೆ ನಡೆಯುತ್ತದೆ, ಏಳಲು ತಿಣುಕುತ್ತದೆ. ಹಾಲಿನಲ್ಲಿ ದಿನವೂ ಸುಣ್ಣದಂಶ ಮತ್ತು ರಂಜಕ ಹೊರಗೆ ಹೋಗುತ್ತಲೇ ಇರುವುದರಿಂದ ಹೆಚ್ಚು ಹಾಲು ಕೊಡುವ ಹಸುವಿಗೆ ಅಪಾಯ ಹೆಚ್ಚು. ಇವೆರಡೂ ಮೇವಿನಲ್ಲಿ ಸುಮಾರು ಎರಡಕ್ಕೆ ಒಂದರ ಪ್ರಮಾಣದಲ್ಲಿರಬೇಕು. ಇವು ಮೈಗೆ ಹಿಡಿಯಲು ಡಿ ಜೀವಸತ್ವ ಬೇಕು, ಅದಕ್ಕೆ ಬಿಸಿಲು ಬೇಕು. ಕಿಟಕಿಯಿಲ್ಲದ ಕೊಟ್ಟಿಗೆಯಲ್ಲಿ ವರ್ಷವಿಡೀ ಕಟ್ಟಿದ ಹಸುವಿಗೆ ಬೆಳಗಿನ ಒಂದೆರಡು ಗಂಟೆಯ ಎಳೆಬಿಸಿಲು ಔಷಧಿ ಅಂಗಡಿಯಲ್ಲಿ ಸಿಗದ ಔಷಧಿ.

ಸುಣ್ಣದಂಶದ ವಿಷಯದಲ್ಲಿ ಒಂದು ಎಚ್ಚರಿಕೆ. ಕರು ಹಾಕುವುದಕ್ಕೆ ಮೊದಲಿನ ಮೂರು ವಾರ ಕ್ಯಾಲ್ಸಿಯಂ ಬಾಟಲಿಗಳನ್ನು ಕುಡಿಸಬಾರದು. ಹೊರಗಿನಿಂದ ಧಾರಾಳವಾಗಿ ಬರುತ್ತಿದ್ದರೆ ಎಲುಬಿನಿಂದ ಸುಣ್ಣದಂಶ ಎತ್ತಿಕೊಳ್ಳುವ ಶಕ್ತಿಯನ್ನು ದೇಹ ಮರೆಯುತ್ತದೆ. ಕರು ಹಾಕಿ ಗಿಣ್ಣುಹಾಲು ಇಳಿದ ಕೂಡಲೆ ರಕ್ತದಲ್ಲಿ ಸುಣ್ಣದಂಶ ಕುಸಿದು ಹಸು ನೆಲ ಹಿಡಿಯುತ್ತದೆ. ಇದೇ ಹಾಲುಜ್ವರ. ಜ್ವರವೆಂಬ ಹೆಸರಿದ್ದರೂ ಮೈ ತಣ್ಣಗಿರುತ್ತದೆ. ಹಿಂಗಾಲು ತಡವರಿಸುವುದನ್ನು ಕುಂಟೆಂದು ಭಾವಿಸಿ ಕಾಲಿಗೆ ಎಣ್ಣೆ ತಿಕ್ಕುತ್ತ ಕುಳಿತರೆ ಹಸು ಕೈತಪ್ಪುತ್ತದೆ. ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಡಲು ಕೂಡಲೇ ಪಶುವೈದ್ಯರು ಬರಬೇಕು.

ಕುಡಿಯುವ ನೀರಿನಿಂದಲೂ ಕುಂಟು ಬರುತ್ತದೆ. ಪಾವಗಡ, ಮುಂಡರಗಿ ಕಡೆಯ ಭಕ್ತರಿಗೆ ಫ್ಲೋರೈಡ್ ಎಂಬ ಶಬ್ದ ಹೊಸದಲ್ಲ. ಆಳದ ಕೊಳವೆಬಾವಿಯ ನೀರಿನಲ್ಲಿ ಅದು ಹೆಚ್ಚಿದ್ದರೆ ಮನುಷ್ಯರಿಗೆ ಆಗುವುದೇ ಹಸುವಿಗೂ ಆಗುತ್ತದೆ. ಹಲ್ಲುಗಳು ಕಂದು ಬಣ್ಣಕ್ಕೆ ತಿರುಗಿ ಬೇಗ ಸವೆಯುತ್ತವೆ, ಕಾಲಿನ ಎಲುಬಿನ ಮೇಲೆ ಗಟ್ಟಿ ಗಂಟುಗಳು ಏಳುತ್ತವೆ. ಕುಂಟು ಇಂದು ಒಂದು ಕಾಲಿನಲ್ಲಿ, ಮುಂದಿನ ತಿಂಗಳು ಇನ್ನೊಂದರಲ್ಲಿ ಕಾಣುತ್ತದೆ. ಮನುಷ್ಯರಿಗೆ ಶುದ್ಧ ನೀರಿನ ಘಟಕ ಬಂದಿದೆ, ಹಸುವಿನ ಬಾನಿಗೆ ಮಾತ್ರ ಇನ್ನೂ ಅದೇ ಕೊಳವೆಬಾವಿಯ ನೀರು. ಛಾವಣಿಯ ಮಳೆನೀರನ್ನು ತೊಟ್ಟಿಯಲ್ಲಿ ಹಿಡಿದಿಟ್ಟು ಹಸುವಿಗೂ ಬೆರೆಸಿ ಕೊಡುವುದು, ಸುಣ್ಣದಂಶ ಮತ್ತು ರಂಜಕವನ್ನು ಸರಿಯಾಗಿ ಒದಗಿಸುವುದು ಕೇಡನ್ನು ತಗ್ಗಿಸುತ್ತವೆ. ಆಗಿಹೋದ ಗಂಟನ್ನು ಕರಗಿಸಲಾರವು. ಹಸುವಿನ ಹಲ್ಲಿನ ಮೇಲೆ ಕಲೆ ಕಂಡವರು ಅದೇ ನೀರು ಕುಡಿಯುತ್ತಿರುವ ಮಕ್ಕಳ ಹಲ್ಲನ್ನೂ ಒಮ್ಮೆ ಬೆಳಕಿಗೆ ಹಿಡಿದು ನೋಡಲಿ.

ಲವಣ ಮಿಶ್ರಣದ ಚೀಲ

ಮೇವಿನ ಕೊರತೆಯನ್ನು ತುಂಬಲು ಇರುವ ಸುಲಭ ದಾರಿ ಲವಣ ಮಿಶ್ರಣ ಅಥವಾ ಖನಿಜ ಮಿಶ್ರಣ. ನಮ್ಮ ಬೆಂಗಳೂರಿನಲ್ಲಿಯೇ ಪಶು ಪೋಷಣೆ ಮತ್ತು ಶರೀರಕ್ರಿಯೆಯನ್ನು ಕುರಿತ ರಾಷ್ಟ್ರೀಯ ಸಂಸ್ಥೆಯಿದ್ದು, ಆಯಾ ಪ್ರದೇಶದ ಮಣ್ಣು, ಮೇವುಗಳಲ್ಲಿ ಯಾವ ಖನಿಜ ಕಡಿಮೆ ಎಂದು ಪರಿಶೀಲಿಸಿ ಅದಕ್ಕೆ ಹೊಂದುವ ಮಿಶ್ರಣಗಳನ್ನು ರೂಪಿಸುವ ಕೆಲಸವನ್ನು ಮಾಡಿದೆ. ನಿಮ್ಮ ಹಾಲಿನ ಸಂಘದಲ್ಲಿ ಅಥವಾ ಪಶು ಆಸ್ಪತ್ರೆಯಲ್ಲಿ ನಿಮ್ಮ ಪ್ರದೇಶಕ್ಕೆ ತಕ್ಕ ಮಿಶ್ರಣವನ್ನೇ ಕೇಳಬೇಕು. ಚೀಲದ ಮೇಲೆ ಐಎಸ್ 1664 ಎಂಬ ಭಾರತೀಯ ಮಾನಕದ ಗುರುತಿರಲಿ. ಅಗ್ಗವೆಂದು ಸಂತೆಯಲ್ಲಿ ಕೊಂಡ ಹೆಸರಿಲ್ಲದ ಪುಡಿಯಲ್ಲಿ ಶುದ್ಧಿಮಾಡದ ಕಲ್ಲುರಂಜಕ ಬೆರೆತಿದ್ದರೆ ಅದರ ಮೂಲಕವೇ ಫ್ಲೋರೈಡ್ ಹೊಟ್ಟೆ ಸೇರುತ್ತದೆ.

ಸಾಧಾರಣ ಹಾಲಿನ ಹಸುವಿಗೆ ದಿನಕ್ಕೆ 50 ಗ್ರಾಂ, ಹೆಚ್ಚು ಹಾಲು ಕೊಡುವುದಕ್ಕೆ ವೈದ್ಯರ ಸಲಹೆಯಂತೆ 100 ಗ್ರಾಂವರೆಗೆ, ಕರುವಿಗೆ 20 ಗ್ರಾಂ. ಮಿಶ್ರಣದಲ್ಲಿ ಉಪ್ಪು ಇಲ್ಲದಿದ್ದರೆ 30 ಗ್ರಾಂ ಅಡುಗೆ ಉಪ್ಪನ್ನು ಬೇರೆಯಾಗಿ ಸೇರಿಸಬೇಕು. ನೀರಿನಲ್ಲಿ ಕಲಸಿದರೆ ತಳಕ್ಕೆ ಕೂರುತ್ತದೆ, ಆದ್ದರಿಂದ ಹಿಂಡಿಯೊಡನೆ ಬೆರೆಸುವುದು ಮೇಲು. ಕಾರ್ಖಾನೆಯ ಪಶು ಆಹಾರದಲ್ಲಿ ಒಂದಿಷ್ಟು ಖನಿಜ ಮೊದಲೇ ಬೆರೆತಿರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಕು. ಹಾಲು ಬತ್ತಿದ ತಿಂಗಳುಗಳಲ್ಲಿ ಸಂಬಳವಿಲ್ಲದ ಆಳಿಗೆ ಊಟವೇಕೆ ಎಂಬಂತೆ ಮಿಶ್ರಣವನ್ನು ನಿಲ್ಲಿಸುವ ಮನೆಗಳು ಬಹಳ. ಕರು ಹಾಕಿದ ಮೇಲೆ ಹಸು ಊರಿ ನಿಲ್ಲಬೇಕಾದ ಅಂಗಾಲು ತಯಾರಾಗುವುದೇ ಆ ತಿಂಗಳುಗಳಲ್ಲಿ ಎಂಬುದನ್ನು ಮೇಲಿನ ಲೆಕ್ಕದಿಂದಲೇ ತಿಳಿಯಬಹುದು. ಕೊನೆಯ ಮೂರು ವಾರಗಳಿಗೆ ಯಾವ ಮಿಶ್ರಣ, ಎಷ್ಟು ಎಂಬುದನ್ನು ಮಾತ್ರ ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.

ಹೆಚ್ಚು ಹಾಕಿದರೆ ಬೇಗ ಗುಣವಾದೀತೆಂಬ ಆಸೆ ಬೇಡ. ಸೆಲೆನಿಯಂ ಎಂಬ ಖನಿಜ ಅತ್ಯಲ್ಪ ಪ್ರಮಾಣದಲ್ಲಿ ಬೇಕಾದುದು. ಪಂಜಾಬಿನ ಹೋಶಿಯಾರ್‌ಪುರ, ನವಾಂಶಹರ್ ಜಿಲ್ಲೆಗಳ ಕೆಲವು ಗ್ರಾಮಗಳ ಮಣ್ಣಿನಲ್ಲಿ ಅದು ಮಿತಿಮೀರಿದ್ದು, ಅಲ್ಲಿ ಬೆಳೆದ ಮೇವನ್ನು ತಿಂದ ದನಗಳ ಗೊರಸು ಬಿರಿದು ಕಳಚಿಬಿದ್ದ ಉದಾಹರಣೆಗಳಿವೆ. ಕೊರತೆ ಗೊರಸನ್ನು ಕೆಡಿಸುವಂತೆ ಅತಿಯೂ ಕೆಡಿಸುತ್ತದೆ. ಹಸುವಿನ ಲವಣ ಮಿಶ್ರಣವನ್ನು ಕುರಿಗಳಿಗೆ ಹಾಕಲೇಬಾರದು, ಕುರಿಗೆ ತಾಮ್ರ ಬಹುಬೇಗ ವಿಷವಾಗುತ್ತದೆ.

ಮೇವು ಸರಿಯಾದರೂ ನೆಲ ಕೆಟ್ಟಿದ್ದರೆ ಫಲವಿಲ್ಲ. ಸಗಣಿ, ಗಂಜಲಗಳಲ್ಲಿ ನೆನೆದ ಸಿಮೆಂಟ್ ನೆಲದ ಮೇಲೆ ದಿನವಿಡೀ ನಿಂತ ಗೊರಸು ನೀರಲ್ಲಿ ನೆನೆದ ಹಪ್ಪಳದಂತಾಗುತ್ತದೆ. ಹಸು ದಿನಕ್ಕೆ ಹತ್ತು ಹನ್ನೆರಡು ಗಂಟೆ ಮಲಗಬೇಕಾದ ಪ್ರಾಣಿ. ಮಲಗಲು ಮೆತ್ತನೆಯ ಜಾಗವಿಲ್ಲದಿದ್ದರೆ, ಹಗ್ಗ ಗಿಡ್ಡವಾಗಿದ್ದರೆ ಅದು ನಿಂತೇ ಇರುತ್ತದೆ, ಇಡೀ ಭಾರ ಅಂಗಾಲಿನ ಮೇಲೆ. ಹಿಮ್ಮಡಿಯೊಳಗೆ ಕೊಬ್ಬಿನ ಮೆತ್ತೆಯೊಂದಿದೆ. ಕರು ಹಾಕಿದ ಮೇಲೆ ಹಸು ಬಡಕಲಾದರೆ ಆ ಮೆತ್ತೆಯೂ ತೆಳುವಾಗಿ ಎಲುಬಿನ ಪೆಟ್ಟು ನೇರವಾಗಿ ಅಂಗಾಲಿಗೆ ಬೀಳುತ್ತದೆ. ಪಕ್ಕೆಲುಬು ಎಣಿಸುವಂತಾದ ಹಸು ಕುಂಟುವುದಕ್ಕೆ ಇದೂ ಒಂದು ಕಾರಣ. ರಬ್ಬರ್ ಹಾಸು, ಇಲ್ಲವಾದರೆ ಒಣಗಿದ ಹುಲ್ಲಿನ ಹಾಸಿಗೆ, ಇಲ್ಲವಾದರೆ ಹಗಲು ಮರದ ನೆರಳಿನ ಮಣ್ಣುನೆಲ. ಮೂರರಲ್ಲಿ ಒಂದು ಎಲ್ಲರಿಗೂ ಸಾಧ್ಯ. ಬೆಳೆದ ಗೊರಸನ್ನು ವರ್ಷಕ್ಕೆರಡು ಬಾರಿ ತಿಳಿದವರಿಂದ ಕತ್ತರಿಸಬೇಕು. ಹದಿನೈದು ದಿನಕ್ಕೊಮ್ಮೆ 100 ಲೀಟರ್ ನೀರಿಗೆ 5 ಕಿಲೋ ಮೈಲುತುತ್ತದ ದ್ರಾವಣದಲ್ಲಿ, ಗೊರಸು ತೊಳೆದ ಮೇಲೆ, ಕಾಲು ಅದ್ದಿಸಬಹುದು. ಒಂದೆರಡು ಹಸು ಇರುವವರು ಇದೇ ಅಳತೆಯಲ್ಲಿ ಬಕೆಟ್ಟಿನಲ್ಲಿ ಮಾಡಿಕೊಂಡರೆ ಸಾಕು. ಹಸು ಅದನ್ನು ಕುಡಿಯದಂತೆ ನೋಡಿಕೊಳ್ಳಬೇಕು.

ಕುಂಟಿನೊಡನೆ ಜ್ವರವಿದ್ದು ಬಾಯಲ್ಲಿ ಹುಣ್ಣು, ಜೊಲ್ಲು ಕಂಡರೆ ಅದು ಕಾಲುಬಾಯಿ ಜ್ವರ. ತೊಡೆ ಊದಿ, ಒತ್ತಿದರೆ ಚರಚರ ಸದ್ದಾದರೆ ಚಪ್ಪೆರೋಗ, ಅಲ್ಲಿ ಗಂಟೆಗಳ ಲೆಕ್ಕ. ಇವಕ್ಕೆ ಲಸಿಕೆಯೇ ದಾರಿ, ಮೇವಿನ ಮಾತು ಅಲ್ಲಿ ನಡೆಯದು. ಅಂಗಾಲಿನಲ್ಲಿ ಹುಣ್ಣಾಗಿದ್ದರೆ ಕಾಸಿದ ಎಣ್ಣೆ ಸುರಿಯುವುದು, ಕಬ್ಬಿಣ ಕಾಯಿಸಿ ಇಡುವುದು ಬೇಡ. ನೋವಿರುವ ಗೊರಸಿನ ಭಾರವನ್ನು ಪಕ್ಕದ ಒಳ್ಳೆಯ ಗೊರಸಿಗೆ ಹೊರಿಸಲು ಅದಕ್ಕೊಂದು ಮರದ ತುಂಡನ್ನು ಅಂಟಿಸುವ ಸರಳ ಚಿಕಿತ್ಸೆಯಿದೆ, ಪಶುವೈದ್ಯರು ಮಾಡುತ್ತಾರೆ. ಹಸುವನ್ನು ಸಾಗಿಸಲು ಆಗದವರು 1962 ಸಂಖ್ಯೆಗೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ನೆರವು ಕೇಳಬಹುದು.

ಈ ಕಾರಹುಣ್ಣಿಮೆಗೆ ಎತ್ತಿನ ಕಾಲು ತೊಳೆದ ಮೇಲೆ, ಎತ್ತಿಲ್ಲದವರು ನೇರವಾಗಿ, ಹಸುವಿನ ಬಳಿಗೆ ಹೋಗಿ ಹಿಂಗಾಲಿನ ಹೊರಗೊರಸನ್ನು ತೊಳೆದು ಒರೆಸಿರಿ. ಕೂದಲಂಚಿನ ಕೆಳಗೆ, ಗೊರಸಿನ ಗೋಡೆಯ ಮೇಲೆ, ಅರದ ಅಂಚಿನಿಂದ ತೀರ ಆಳವಲ್ಲದ ಒಂದು ಸಣ್ಣ ಗೀರು ಎಳೆದು, ಅಂದಿನಿಂದ ಲವಣ ಮಿಶ್ರಣವನ್ನು ಆರಂಭಿಸಿರಿ. ಸೀಗೆ ಹುಣ್ಣಿಮೆಯ ಹೊತ್ತಿಗೆ ಆ ಗೀರು ಸುಮಾರು ಎರಡು ಸೆಂಟಿಮೀಟರ್ ಕೆಳಗಿಳಿದಿರುತ್ತದೆ. ಗೀರಿನ ಮೇಲಿನ ಗೊರಸನ್ನೂ ಕೆಳಗಿನ ಗೊರಸನ್ನೂ ಹೆಬ್ಬೆರಳಿನಿಂದ ಸವರಿ ನೋಡಿರಿ.